ಒಂದೇ ಪದ, ಎರಡು ಕೆಲಸ: ನಾಮಪದವೂ ಕ್ರಿಯಾಪದವೂ ಆಗುವ ಇಂಗ್ಲಿಷ್ ಪದಗಳನ್ನು ತಪ್ಪಿಲ್ಲದೆ ಬಳಸುವ ಕ್ರಮ

ಹಾಸನದ ಹೊರವಲಯದ ಬಡಾವಣೆಗಳಲ್ಲಿ "ಸೈಟ್ ಫಾರ್ ಸೆಲ್" ಎಂಬ ಬೋರ್ಡು ಕಾಣುತ್ತದೆ. ರಜಾ ಅರ್ಜಿಯಲ್ಲಿ "ಐ ರಿಕ್ವೆಸ್ಟ್ ಫಾರ್ ಟೂ ಡೇಸ್ ಲೀವ್" ಎಂದಿರುತ್ತದೆ. ಚಿಕ್ಕಮಗಳೂರಿನ ಹೋಂಸ್ಟೇಗಳಿಂದ ಅತಿಥಿಗಳಿಗೆ ಹೋಗುವ ಮೆಸೇಜಿನಲ್ಲಿ "ವಿ ಆರ್ ಲುಕಿಂಗ್ ಫಾರ್ವರ್ಡ್ ಟು ವಿಸಿಟ್ ಯು" ಎಂದು ಬರುತ್ತದೆ. ನೀವು ಬರುವುದನ್ನು ಕಾಯುತ್ತಿದ್ದೇವೆ ಎನ್ನಲು ಹೋಗಿ, ನಾವೇ ನಿಮ್ಮ ಮನೆಗೆ ಬರುತ್ತೇವೆ ಎಂದ ಹಾಗಾಯಿತು.

ಈ ಮೂರಕ್ಕೂ ಮೂಲ ಒಂದೇ. ಬರೆದವರಿಗೆ ಪದದ ಅರ್ಥ ಗೊತ್ತಿದೆ. ಅದು ವಾಕ್ಯದಲ್ಲಿ ಯಾವ ಜಾಗದಲ್ಲಿ ಕೂತಿದೆ, ಆ ಜಾಗದಲ್ಲಿ ಅದರ ಕೆಲಸ ಏನು ಎಂಬುದು ಗೊತ್ತಾಗಿಲ್ಲ. ಗೈಡುಗಳಲ್ಲಿ ಸಿಗುವ "ನೌನ್ – ವರ್ಬ್" ಪಟ್ಟಿಯನ್ನು ಉರು ಹೊಡೆದವರೇ ಹೆಚ್ಚು ತಪ್ಪು ಮಾಡುವುದು. ಆ ಪಟ್ಟಿಯಲ್ಲಿ ಪದ ಒಂಟಿಯಾಗಿ ನಿಂತಿರುತ್ತದೆ, ಒಂಟಿಯಾಗಿ ನಿಂತ "ವಾಟರ್" ನಾಮಪದವೋ ಕ್ರಿಯಾಪದವೋ ಯಾರೂ ಹೇಳಲಾರರು.

ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳಿಗೆ, ತೋಟದ ಲೆಕ್ಕ ಬರೆಯುವ ರೈಟರುಗಳಿಗೆ, ಹೋಂಸ್ಟೇ ನಡೆಸುವವರಿಗೆ ಈ ಕ್ರಮ ಹೊಂದುತ್ತದೆ. ಹಂತಗಳ ಅನುಕ್ರಮ ಬದಲಿಸಬೇಡಿ. ಉಚ್ಚಾರಣೆಯ ಹಂತಕ್ಕೆ ನೇರ ಹಾರುವುದು ಎಲ್ಲರಿಗೂ ಇಷ್ಟ, ಆದರೆ ಪದದ ಜಾಗ ಗುರುತಿಸಲು ಬಾರದವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

## ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ಗೆರೆ ನೋಟ್‌ಬುಕ್, ನೀಲಿ ಮತ್ತು ಕೆಂಪು ಪೆನ್ನು, ರೆಕಾರ್ಡ್ ಮಾಡಲು ಬರುವ ಫೋನು, ಮತ್ತು ಪ್ರತಿ ಪದಕ್ಕೂ ವಾಕ್ಯದ ಉದಾಹರಣೆ ಕೊಡುವ ನಿಘಂಟು. ಅರ್ಥ ಮಾತ್ರ ಕೊಡುವ ಸಣ್ಣ ಪಾಕೆಟ್ ನಿಘಂಟು ಈ ಕೆಲಸಕ್ಕೆ ಸಾಲದು.

ದಿನಕ್ಕೆ 25 ನಿಮಿಷ, ಐದು ಪದ ಸಾಕು. ಹತ್ತು ಪದ ಹಿಡಿದರೆ ಮೂರನೇ ದಿನಕ್ಕೆ ಎಲ್ಲಾ ಕಲಸಿಹೋಗುತ್ತದೆ. ಪ್ರತಿ ಪದಕ್ಕೆ ಎರಡು ವಾಕ್ಯ ಬರೆಯಿರಿ: ನಾಮಪದವಾಗಿ ಒಂದು ನೀಲಿಯಲ್ಲಿ, ಕ್ರಿಯಾಪದವಾಗಿ ಒಂದು ಕೆಂಪಿನಲ್ಲಿ. ಪದವನ್ನು ಮಾತ್ರ ಬರೆದು ಮುಂದೆ ಅರ್ಥ ಬರೆಯುವ ಪದ್ಧತಿಯನ್ನು ಇಲ್ಲಿಗೆ ಬಿಡಿ.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಮೊದಲು ಜೋರಾಗಿ ಓದಿ, ಆಮೇಲೆ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ.

## ಹಂತ 1: ಕನ್ನಡದಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ

ಒಂದೇ ಪದ ಎರಡು ಕೆಲಸ ಮಾಡುವುದು ನಮಗೆ ಹೊಸದಲ್ಲ. "ಈ ವರ್ಷ ಬೆಳೆ ಚೆನ್ನಾಗಿದೆ", "ಇಲ್ಲಿ ಆಲೂಗೆಡ್ಡೆ ಬೆಳೆ". ಒಂದರಲ್ಲಿ ಬೆಳೆ ವಸ್ತು, ಇನ್ನೊಂದರಲ್ಲಿ ಕೆಲಸ. ಕೆಮ್ಮು, ಸೀನು, ನಗು, ಅಳು, ಹಾಡು, ಓದು, ಕೂಗು, ಚಿಗುರು, ತುರಿ – ಎಲ್ಲವೂ ಹೀಗೆ ಎರಡೂ ಕಡೆ ದುಡಿಯುವ ಪದಗಳು.

ಆದರೂ ಕನ್ನಡದಲ್ಲಿ ನಾವು ತಡವರಿಸುವುದಿಲ್ಲ, ಏಕೆಂದರೆ ಪದದ ಬಾಲ ಎಲ್ಲಾ ಹೇಳಿಬಿಡುತ್ತದೆ. "ಹಾಡನ್ನು" ಎಂದರೆ ನಾಮಪದ, "ಹಾಡಿದಳು" ಎಂದರೆ ಕ್ರಿಯಾಪದ. ಪದವನ್ನು ವಾಕ್ಯದ ಯಾವ ಮೂಲೆಗೆ ಎಸೆದರೂ ಬಾಲ ಅದರ ಜೊತೆಗೇ ಹೋಗುತ್ತದೆ. ಇಂಗ್ಲಿಷಿನಲ್ಲಿ ಆ ಬಾಲ ಬಹುತೇಕ ಇಲ್ಲ. ಬಾಲದ ಕೆಲಸವನ್ನು ಅಲ್ಲಿ ಜಾಗ ಮಾಡುತ್ತದೆ. ಆದ್ದರಿಂದ ಪದವನ್ನು ನೋಡುವ ಮೊದಲು ಅದರ ಹಿಂದೆ ಮುಂದೆ ಏನಿದೆ ನೋಡಬೇಕು.

ಈ ಹಂತದ ಕೆಲಸ: ಮೇಲಿನ ಕನ್ನಡ ಪದಗಳಲ್ಲಿ ಐದನ್ನು ತೆಗೆದುಕೊಂಡು ಎರಡೆರಡು ವಾಕ್ಯ ಬರೆದು, ಬಾಲಕ್ಕೆ ಗೆರೆ ಎಳೆಯಿರಿ. ಹತ್ತು ನಿಮಿಷದ ಕೆಲಸ. ತಲೆಯಲ್ಲಿ ವಿಷಯ ಕೂರುತ್ತದೆ.

## ಹಂತ 2: ಜಾಗದ ಗುರುತುಗಳನ್ನು ಹಿಡಿಯಿರಿ

ಪದದ ಹಿಂದೆ ಇವುಗಳಲ್ಲಿ ಒಂದು ಇದ್ದರೆ ಅದು ನಾಮಪದ: ಎ, ಆನ್, ದ, ಮೈ, ಯುವರ್, ದಿಸ್, ಎನಿ, ಸಮ್, ಮೆನಿ, ಅಥವಾ ಒಂದು ಸಂಖ್ಯೆ. "ಎ ವಾಕ್", "ಯುವರ್ ಆರ್ಡರ್", "ತ್ರೀ ಕಾಲ್ಸ್". ನಡುವೆ ಗುಣವಾಚಕ ನುಗ್ಗಿದರೂ ಲೆಕ್ಕ ಬದಲಾಗದು: "ಎ ಲಾಂಗ್ ವಾಕ್".

ಹಿಂದೆ ವಿಲ್, ಕ್ಯಾನ್, ಮಸ್ಟ್, ಶುಡ್, ಡೋಂಟ್, ಡಿಡ್‌ನಾಟ್ ಇದ್ದರೆ ಅದು ಕ್ರಿಯಾಪದ. ಐ, ವಿ, ದೇ ಇದ್ದರೂ ಹಾಗೆಯೇ: "ವಿ ವಾಕ್ ಟು ದ ಬಸ್ ಸ್ಟ್ಯಾಂಡ್". ವಾಕ್ಯದ ಮೊದಲಲ್ಲೇ ಪದ ಬಂದು, ಅದರ ಮುಂದೆ "ದ" ಹಿಡಿದುಕೊಂಡ ವಸ್ತು ಇದ್ದರೆ ಅದು ಅಪ್ಪಣೆ, ಅಂದರೆ ಕ್ರಿಯಾಪದ: "ಲಾಕ್ ದ ಗೇಟ್".

ಜಾರುವ ಜಾಗ ಮೂರು.

ಮೊದಲನೆಯದು "ಟು". "ಐ ವಾಂಟ್ ಟು ವರ್ಕ್" ಎಂಬಲ್ಲಿ ವರ್ಕ್ ಕ್ರಿಯಾಪದ. "ಐ ಗೋ ಟು ವರ್ಕ್" ಎಂಬಲ್ಲಿ ನಾಮಪದ. ಪರೀಕ್ಷೆ ಸುಲಭ: ಟು ಆದ ಮೇಲೆ "ಮೈ" ಸೇರಿಸಿ ನೋಡಿ. "ಐ ಗೋ ಟು ಮೈ ವರ್ಕ್" ನಿಲ್ಲುತ್ತದೆ, "ಐ ವಾಂಟ್ ಟು ಮೈ ವರ್ಕ್" ಬೀಳುತ್ತದೆ. ನಿಂತರೆ ನಾಮಪದ. ಹೋಂಸ್ಟೇ ಮೆಸೇಜಿನ ರೋಗ ಇದೇ. "ಲುಕ್ ಫಾರ್ವರ್ಡ್ ಟು" ಎಂಬುದರ ಟು ನಾಮಪದ ಕೇಳುವ ಟು. ಆದ್ದರಿಂದ "ವಿ ಲುಕ್ ಫಾರ್ವರ್ಡ್ ಟು ಯುವರ್ ವಿಸಿಟ್" ಎಂದೇ ಬರೆಯಬೇಕು.

ಎರಡನೆಯದು ಕೊನೆಯ "ಎಸ್". ನಾಮಪದಕ್ಕೆ ಎಸ್ ಬಂದರೆ ಬಹುವಚನ, ಕ್ರಿಯಾಪದಕ್ಕೆ ಬಂದರೆ ಕರ್ತೃ ಏಕವಚನ. "ದ ವರ್ಕರ್ ಪಿಕ್ಸ್", "ದ ವರ್ಕರ್ಸ್ ಪಿಕ್": ಸಾಮಾನ್ಯವಾಗಿ ಎಸ್ ಎರಡರಲ್ಲಿ ಒಂದು ಕಡೆ ಮಾತ್ರ. ಪತ್ರಿಕೆ ಶೀರ್ಷಿಕೆಗಳಲ್ಲಿ ಎಚ್ಚರ. "ರೈನ್ ಡ್ಯಾಮೇಜಸ್ ರೋಡ್ಸ್" ಎಂದರೆ ಮಳೆ ರಸ್ತೆಗಳನ್ನು ಹಾಳುಮಾಡಿತು. ಕೋರ್ಟಿನ ಸುದ್ದಿಯಲ್ಲಿ "ಡ್ಯಾಮೇಜಸ್" ನಾಮಪದವಾಗಿ ಬಂದರೆ ನಷ್ಟ ಪರಿಹಾರದ ಹಣ ಎಂದರ್ಥ, ಹಾನಿಗಳು ಎಂದಲ್ಲ.

ಮೂರನೆಯದು ನಾಮಪದದ ಹಿಂದೆ ನಾಮಪದ. "ವಾಟರ್ ಟ್ಯಾಂಕ್", "ರೆಕಾರ್ಡ್ ಬುಕ್" – ಇಲ್ಲಿ ಮೊದಲ ಪದ ಕ್ರಿಯಾಪದದಂತೆ ಕಂಡೀತು. ಜೋಡಿಯ ಹಿಂದೆ "ದ" ಇದೆಯೇ ನೋಡಿ: "ದ ವಾಟರ್ ಟ್ಯಾಂಕ್" ಎಂದಿದ್ದರೆ ಎರಡೂ ನಾಮಪದ, "ವಾಟರ್ ದ ಪ್ಲಾಂಟ್ಸ್" ಎಂದು "ದ" ನಡುವೆ ಬಂದರೆ ಮೊದಲನೆಯದು ಕ್ರಿಯಾಪದ.

## ಹಂತ 3: ಮಾಡು, ಹಾಕು, ಬಿಡು, ಹೊಡಿ – ಇವನ್ನು ಕಳಚಿ

ಕನ್ನಡದಲ್ಲಿ ನಾವು ಇಂಗ್ಲಿಷ್ ಪದವನ್ನು ತಂದು "ಮಾಡು" ಅಂಟಿಸುತ್ತೇವೆ: ಕಾಲ್ ಮಾಡು, ಬುಕ್ ಮಾಡು, ಪ್ಲಾನ್ ಮಾಡು. ಕನ್ನಡಕ್ಕೆ ಅದು ಸರಿ. ಅದೇ ಅಭ್ಯಾಸದಲ್ಲಿ "ಐ ವಿಲ್ ಡು ಕಾಲ್", "ವಿ ಆರ್ ಡೂಯಿಂಗ್ ಪ್ಲಾನ್" ಎಂದು ಇಂಗ್ಲಿಷಿಗೂ ಮಾಡು ಹೊತ್ತುಕೊಂಡು ಹೋದಾಗ ತಪ್ಪಾಗುತ್ತದೆ. ಇಂಗ್ಲಿಷ್ ಪದದ ಹೊಟ್ಟೆಯಲ್ಲೇ "ಮಾಡು" ಇದೆ: "ಐ ವಿಲ್ ಕಾಲ್", "ವಿ ಆರ್ ಪ್ಲಾನಿಂಗ್".

ಉಳಿದ ಮೂರರ ಕಾಟವೂ ಕಡಿಮೆಯಲ್ಲ. ಗಿಡಕ್ಕೆ ನೀರು ಹಾಕು – "ವಾಟರ್ ದ ಪ್ಲಾಂಟ್ಸ್", ಪುಟ್ ಬೇಡ. ಬೀಗ ಹಾಕು – "ಲಾಕ್". ಬೇಲಿ ಹಾಕು – "ಫೆನ್ಸ್ ದ ಪ್ಲಾಟ್". ಔಷಧಿ ಹೊಡಿ – "ಸ್ಪ್ರೇ ದ ಪ್ಲಾಂಟ್ಸ್". ಕಳೆ ತೆಗಿ – "ವೀಡ್ ದ ಪ್ಲಾಟ್". ಹಾಲು ಕರಿ – "ಮಿಲ್ಕ್ ದ ಕೌ". ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ. ಅದನ್ನು ಹೇಳಲು "ದ ಪ್ಲಾಂಟ್ಸ್ ಬ್ಲಾಸಮ್" ಎಂದರೆ ಮುಗಿಯಿತು, "ಬಿಡು" ಎಂಬುದಕ್ಕೆ ಬೇರೆ ಪದ ಹುಡುಕಬೇಕಿಲ್ಲ.

ನಾಮಪದವೇ ಬೇಕೆನಿಸಿದರೆ ಅದಕ್ಕೆ ಗೊತ್ತಾದ ಜೊತೆಗಾರ ಇದ್ದಾನೆ. ಮೇಕ್ ಎ ಕಾಲ್, ಟೇಕ್ ಎ ಫೋಟೋ, ಟೇಕ್ ಎ ರೆಸ್ಟ್, ಹ್ಯಾವ್ ಎ ಲುಕ್, ಪ್ಲೇಸ್ ಆನ್ ಆರ್ಡರ್, ಪೇ ಎ ವಿಸಿಟ್. ಇವನ್ನು ಜೋಡಿಯಾಗಿಯೇ ಕಲಿಯಬೇಕು. ಊಹೆ ಮಾಡಿದರೆ ಹತ್ತರಲ್ಲಿ ಏಳು ಸಲ "ಡು" ಎಂದೇ ಬರುತ್ತದೆ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ ಡು ಅಥವಾ ಪುಟ್ ಬಂದ ಕೂಡಲೇ ಅಲ್ಲೇ ನಿಲ್ಲಿ. ಅದರ ಮುಂದಿನ ಪದ ತಾನೇ ಕ್ರಿಯಾಪದವಾಗಬಲ್ಲದೇ ಎಂದು ನಿಘಂಟು ತೆಗೆದು ನೋಡಿ.

## ಹಂತ 4: ಪ್ರಿಪೊಸಿಷನ್ ಸೋರಿಕೆ ನಿಲ್ಲಿಸಿ

ಅತಿ ಹೆಚ್ಚು ಅಂಕ ಹೋಗುವುದು, ಅರ್ಜಿ ಪತ್ರಗಳಲ್ಲಿ ಅತಿ ಹೆಚ್ಚು ಕಣ್ಣಿಗೆ ಹೊಡೆಯುವುದು ಇದೇ. ಇದಕ್ಕೆ ಒಂದು ವಾರ ಪೂರ್ತಿ ಕೊಡಿ.

ಎರಡು ಕೆಲಸದ ಪದ ನಾಮಪದವಾಗಿದ್ದಾಗ ತನ್ನ ವಸ್ತುವನ್ನು, ಅಂದರೆ ವ್ಯಾಕರಣದ ಕರ್ಮಪದವನ್ನು, ನೇರ ಹಿಡಿಯಲಾರದು. ನಡುವೆ ಫಾರ್, ಟು, ಆನ್, ಇನ್, ಆಫ್ – ಯಾವುದಾದರೂ ಒಂದು ಕೊಂಡಿ ಬೇಕು. ಅದೇ ಪದ ಕ್ರಿಯಾಪದವಾದಾಗ ವಸ್ತುವನ್ನು ಬರಿಗೈಯಲ್ಲಿ ಹಿಡಿಯುತ್ತದೆ. ನಮ್ಮವರು ನಾಮಪದದ ಕೊಂಡಿಯನ್ನು ಕ್ರಿಯಾಪದಕ್ಕೂ ಸಿಕ್ಕಿಸಿಬಿಡುತ್ತಾರೆ.

ರಿಕ್ವೆಸ್ಟ್: "ಮೈ ರಿಕ್ವೆಸ್ಟ್ ಫಾರ್ ಲೀವ್" ಸರಿ, ಅಲ್ಲಿ ನಾಮಪದ. ಕ್ರಿಯಾಪದವಾದರೆ ಫಾರ್ ಹೋಗಬೇಕು: "ಐ ರಿಕ್ವೆಸ್ಟ್ ಲೀವ್", ಅಥವಾ "ಐ ರಿಕ್ವೆಸ್ಟ್ ಯು ಟು ಗ್ರಾಂಟ್ ಮಿ ಲೀವ್".

ಆರ್ಡರ್: "ಆನ್ ಆರ್ಡರ್ ಫಾರ್ ಫೈವ್ ಬ್ಯಾಗ್ಸ್". ಆದರೆ "ವಿ ಆರ್ಡರ್ಡ್ ಫೈವ್ ಬ್ಯಾಗ್ಸ್". ಹೋಟೆಲಿನಲ್ಲಿ "ಐ ಆರ್ಡರ್ಡ್ ಫಾರ್ ಎ ದೋಸೆ" ಎನ್ನುವುದು ಇದೇ ಸೋರಿಕೆ.

ವಿಸಿಟ್: "ಅವರ್ ವಿಸಿಟ್ ಟು ಹಳೇಬೀಡು". ಆದರೆ "ವಿ ವಿಸಿಟೆಡ್ ಹಳೇಬೀಡು"; ಟು ಇಲ್ಲ.

ಆನ್ಸರ್: "ದ ಆನ್ಸರ್ ಟು ದ ಕ್ವೆಶ್ಚನ್", "ಆನ್ಸರ್ ದ ಕ್ವೆಶ್ಚನ್".

ಡಿಮಾಂಡ್: "ದ ಡಿಮಾಂಡ್ ಫಾರ್ ರೊಬಸ್ಟಾ", "ದೇ ಡಿಮಾಂಡೆಡ್ ಎ ರೀಫಂಡ್".

ಲ್ಯಾಕ್: "ಎ ಲ್ಯಾಕ್ ಆಫ್ ವಾಟರ್", "ದ ವಿಲೇಜ್ ಲ್ಯಾಕ್ಸ್ ವಾಟರ್". "ಲ್ಯಾಕ್ಸ್ ಆಫ್ ವಾಟರ್" ಎಂಬುದು ಪ್ರಬಂಧಗಳಲ್ಲಿ ಪದೇ ಪದೇ ಸಿಗುತ್ತದೆ.

ಕಾಂಟ್ಯಾಕ್ಟ್: "ಐ ಆಮ್ ಇನ್ ಕಾಂಟ್ಯಾಕ್ಟ್ ವಿತ್ ಹಿಮ್", "ಪ್ಲೀಸ್ ಕಾಂಟ್ಯಾಕ್ಟ್ ಹಿಮ್". ವಿತ್ ಆಗಲಿ ಟು ಆಗಲಿ ಬೇಡ.

ಡಿಸ್ಕಸ್ ಎಂಬುದು ಎರಡು ಕೆಲಸದ ಪದವಲ್ಲ, ಅದರ ನಾಮಪದ ಡಿಸ್ಕಷನ್. ಆದರೂ ರೋಗ ಅದೇ: "ಎ ಡಿಸ್ಕಷನ್ ಎಬೌಟ್ ವೇಜಸ್" ಎಂಬುದರಿಂದ ಎಬೌಟ್ ಸೋರಿ "ವಿ ಡಿಸ್ಕಸ್ಡ್ ಎಬೌಟ್ ವೇಜಸ್" ಆಗುತ್ತದೆ. ಎಬೌಟ್ ತೆಗೆಯಿರಿ.

ಇಷ್ಟು ಓದಿ ಎಲ್ಲಾ ಕ್ರಿಯಾಪದದಿಂದಲೂ ಕೊಂಡಿ ಕಿತ್ತುಹಾಕಲು ಹೊರಡಬೇಡಿ. ವೇಟ್, ಹೋಪ್ ಇವು ಕ್ರಿಯಾಪದವಾದರೂ ಫಾರ್ ಕೇಳುತ್ತವೆ: "ವೇಟ್ ಫಾರ್ ದ ಬಸ್". ಸರ್ಚ್ ಅಂತೂ ಎರಡು ರೀತಿಯಲ್ಲೂ ಬರುತ್ತದೆ, ಅರ್ಥ ಬೇರೆ. "ಸರ್ಚ್ ಫಾರ್ ದ ಬ್ಯಾಗ್" ಎಂದರೆ ಬ್ಯಾಗು ಕಳೆದಿದೆ, ಹುಡುಕು. "ಸರ್ಚ್ ದ ಬ್ಯಾಗ್" ಎಂದರೆ ಬ್ಯಾಗು ಕೈಯಲ್ಲೇ ಇದೆ, ಅದರೊಳಗೆ ತಡಕು.

ಅಭ್ಯಾಸ: ನೋಟ್‌ಬುಕ್ಕಿನ ನೀಲಿ ವಾಕ್ಯದಲ್ಲಿ ಕೊಂಡಿಗೆ ಸುತ್ತು ಹಾಕಿ. ಕೆಂಪು ವಾಕ್ಯದಲ್ಲಿ ಅದೇ ಜಾಗದಲ್ಲಿ ಒಂದು ಸೊನ್ನೆ ಬರೆಯಿರಿ. ಸೊನ್ನೆಯನ್ನೂ ಬರೆಯಲೇಬೇಕು, ಅಲ್ಲಿ ಏನೂ ಇಲ್ಲ ಎಂಬುದನ್ನು ಕಣ್ಣು ಕಂಡರೆ ಮಾತ್ರ ಕೈ ನೆನಪಿಡುತ್ತದೆ.

## ಹಂತ 5: ಕೆಲಸದ ದಿಕ್ಕು ತಿಳಿಯಿರಿ

ವಸ್ತುವಿನ ಹೆಸರೇ ಕ್ರಿಯಾಪದವಾದಾಗ ಆ ವಸ್ತುವನ್ನು ಸೇರಿಸಬೇಕೋ ತೆಗೆಯಬೇಕೋ? ಇಂಗ್ಲಿಷ್ ಪದದ ಮುಖದ ಮೇಲೆ ಅದು ಬರೆದಿರುವುದಿಲ್ಲ.

ವಾಟರ್, ಸಾಲ್ಟ್, ಪೆಪ್ಪರ್, ಆಯಿಲ್, ಪೇಂಟ್ – ಹೊರಗಿನಿಂದ ತಂದು ಸೇರಿಸುವವು. ಸ್ಕಿನ್, ಪೀಲ್, ಶೆಲ್, ಬೋನ್, ವೀಡ್ – ಇದ್ದದ್ದನ್ನು ತೆಗೆಯುವವು. "ಪೀಲ್ ದ ಪೊಟೇಟೋಸ್" ಎಂದರೆ ಆಲೂಗೆಡ್ಡೆಯ ಸಿಪ್ಪೆ ತೆಗಿ. ಹ್ಯಾಮರ್, ಬ್ರಶ್, ಕೋಂಬ್ ಮುಂತಾದ ಉಪಕರಣಗಳಾದರೆ ಅವನ್ನು ಬಳಸು ಎಂದು. ಬ್ಯಾಗ್, ಬಾಟಲ್, ಬಾಕ್ಸ್, ಸ್ಟೋರ್ ಇವುಗಳಾದರೆ ಒಳಗೆ ತುಂಬು ಎಂದು: "ಬ್ಯಾಗ್ ದ ಕಾಫಿ" ಎಂದರೆ ಚೀಲಕ್ಕೆ ತುಂಬು.

ಕೆಲವು ಎರಡೂ ದಿಕ್ಕಿಗೆ ಹೋಗುತ್ತವೆ, ಅವೇ ಅಪಾಯ. "ಡಸ್ಟ್ ದ ಶೆಲ್ಫ್" – ಧೂಳು ಒರೆಸು. "ಡಸ್ಟ್ ದ ಪ್ಲಾಂಟ್ಸ್ ವಿತ್ ಸಲ್ಫರ್" – ಗಂಧಕದ ಪುಡಿ ಉದುರಿಸು. "ಸೀಡ್ ದ ಫೀಲ್ಡ್" – ಬಿತ್ತು. "ಸೀಡ್ ದ ಚಿಲ್ಲೀಸ್" – ಮೆಣಸಿನಕಾಯಿಯ ಬೀಜ ತೆಗೆ. ಪಲ್ಪ್ ಅಂತೂ ನಮ್ಮ ಕಣ್ಣೆದುರಿನದೇ. ಕಾಫಿ ತೋಟದಲ್ಲಿ ಹಣ್ಣನ್ನು ಪಲ್ಪ್ ಮಾಡುವುದೆಂದರೆ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ, ತಿರುಳು ಬೇರ್ಪಡಿಸುವುದು. ಕಾಗದದ ಕಾರ್ಖಾನೆಯಲ್ಲಿ ಮರವನ್ನು ಪಲ್ಪ್ ಮಾಡುವುದೆಂದರೆ ಮರವನ್ನೇ ತಿರುಳಾಗಿಸುವುದು. ಒಂದೇ ಪದ, ಒಂದು ಕಡೆ ತಿರುಳು ಹೋಗಬೇಕು, ಇನ್ನೊಂದು ಕಡೆ ತಿರುಳು ಬರಬೇಕು.

ತೋಟದ ಕೆಲಸದ ಪಟ್ಟಿ ಇಂಗ್ಲಿಷಿನಲ್ಲಿ ಬರೆಯುವವರು "ಶೇಡ್" ಪದವನ್ನು ಬಹಳ ಎಚ್ಚರದಿಂದ ಬಳಸಬೇಕು. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸಬೇಕು ಎಂಬ ಅರ್ಥದಲ್ಲಿ "ಶೇಡ್ ದ ಬ್ಲಾಕ್" ಎಂದು ಬರೆದರೆ ಓದುವವರಿಗೆ ನೆರಳು ಕೊಡಿ ಎಂದೇ ಅರ್ಥವಾಗುತ್ತದೆ. ನೆರಳು ತೆಗೆಯುವ ಅರ್ಥ ಆ ಕ್ರಿಯಾಪದಕ್ಕೆ ಇಲ್ಲ. "ಲಾಪ್ ದ ಶೇಡ್ ಟ್ರೀಸ್" ಎಂದು ಬರೆಯಿರಿ.

ಅರ್ಥ ಮೂಲದಿಂದ ದೂರ ಹೋದ ಪದಗಳೂ ಇವೆ. "ಶಿಪ್" ಕ್ರಿಯಾಪದವಾದಾಗ ಹಡಗು ಬೇಕೇ ಬೇಕೆಂದಿಲ್ಲ. ಸಕಲೇಶಪುರದಿಂದ ಮಂಗಳೂರಿಗೆ ಲಾರಿಯಲ್ಲಿ ಹೋದ ಸರಕೂ "ಶಿಪ್ಡ್ ಬೈ ಲಾರಿ" ಆಗಬಹುದು. "ಚೇರ್ ದ ಮೀಟಿಂಗ್" ಎಂದರೆ ಸಭೆಯ ಅಧ್ಯಕ್ಷತೆ ವಹಿಸು. "ಟೇಬಲ್" ನಮ್ಮಲ್ಲಿ, ಬ್ರಿಟನ್ನಿನಲ್ಲಿ ಮಂಡಿಸು ಎಂಬ ಅರ್ಥ ಕೊಟ್ಟರೆ ಅಮೆರಿಕದಲ್ಲಿ ಚರ್ಚೆಯನ್ನು ಮುಂದೂಡು ಎಂಬ ತದ್ವಿರುದ್ಧ ಅರ್ಥ ಕೊಡುತ್ತದೆ. ಇನ್ನು ಬಾರ್ಕ್ ಥರದವು – ಮರದ ತೊಗಟೆ, ನಾಯಿಯ ಬೊಗಳು – ಒಂದೇ ಪದದ ಎರಡು ಕೆಲಸ ಅಲ್ಲ, ಸಂಬಂಧವಿಲ್ಲದ ಎರಡು ಪದಗಳು ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದಿವೆ. ಅಂಥವನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ.

## ಹಂತ 6: ಒತ್ತು ಎಲ್ಲಿ ಬೀಳಬೇಕು

ಎರಡು ತುಂಡಿನ (ಸಿಲಬಲ್‌ನ) ಹಲವು ಪದಗಳಲ್ಲಿ ನಾಮಪದಕ್ಕೆ ಮೊದಲ ತುಂಡಿನ ಮೇಲೆ, ಕ್ರಿಯಾಪದಕ್ಕೆ ಎರಡನೆಯದರ ಮೇಲೆ ಒತ್ತು. ಒತ್ತು ಜಾರಿದಾಗ ಸ್ವರವೂ ಬದಲಾಗುತ್ತದೆ:

- ರೆಕಾರ್ಡ್ (ದಾಖಲೆ) – ರಿಕಾರ್ಡ್ (ದಾಖಲಿಸು)
- ಪ್ರೆಜೆಂಟ್ (ಉಡುಗೊರೆ) – ಪ್ರಿಜೆಂಟ್ (ಅರ್ಪಿಸು, ಮಂಡಿಸು)
- ಪ್ರಾಡ್ಯೂಸ್ (ತೋಟದ ಉತ್ಪನ್ನ) – ಪ್ರಡ್ಯೂಸ್ (ಉತ್ಪಾದಿಸು)
- ಆಬ್ಜೆಕ್ಟ್ (ವಸ್ತು) – ಅಬ್ಜೆಕ್ಟ್ (ಆಕ್ಷೇಪಿಸು)
- ಕಾಂಡಕ್ಟ್ (ನಡತೆ) – ಕನ್‌ಡಕ್ಟ್ (ನಡೆಸು)

ಪರ್ಮಿಟ್, ಎಕ್ಸ್‌ಪೋರ್ಟ್, ಇಂಪೋರ್ಟ್, ಇನ್‌ಕ್ರೀಸ್, ಪ್ರೊಟೆಸ್ಟ್, ಇನ್ಸಲ್ಟ್, ರೀಫಂಡ್ ಇವೂ ಇದೇ ಸಾಲಿನವು.

ಕನ್ನಡದಲ್ಲಿ ಒತ್ತು ಅರ್ಥ ಬದಲಿಸುವುದಿಲ್ಲ, ಹಾಗಾಗಿ ನಮ್ಮ ಕಿವಿ ಅದನ್ನು ಹುಡುಕುವುದೇ ಇಲ್ಲ. ಒಂದು ರಬ್ಬರ್ ಬ್ಯಾಂಡನ್ನು ಎರಡು ಹೆಬ್ಬೆರಳಿಗೆ ಹಾಕಿಕೊಂಡು, ಒತ್ತಿನ ತುಂಡು ಬಂದಾಗ ಮಾತ್ರ ಎಳೆಯಿರಿ. ಆ ತುಂಡು ಉದ್ದವಾಗುತ್ತದೆ, ದನಿ ಸ್ವಲ್ಪ ಮೇಲೇರುತ್ತದೆ. ಆಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ಅದೇ ದಿನ ಕೇಳಿದರೆ ಕಿವಿ ಬೇಕಾದದ್ದನ್ನೇ ಕೇಳಿಸಿಕೊಳ್ಳುತ್ತದೆ.

ನಿಯಮ ಸಿಕ್ಕಿತೆಂದು ಎಲ್ಲದಕ್ಕೂ ಹಚ್ಚುವುದು ಇಲ್ಲಿನ ದೊಡ್ಡ ತಪ್ಪು. ರಿಪೋರ್ಟ್, ರಿಕ್ವೆಸ್ಟ್, ರಿಪ್ಲೈ, ಸಪೋರ್ಟ್, ರಿಪೇರ್, ಡಿಲೇ, ಕಂಟ್ರೋಲ್, ಡಿಮಾಂಡ್ – ಇವಕ್ಕೆ ಯಾವಾಗಲೂ ಎರಡನೇ ತುಂಡಿನ ಮೇಲೇ ಒತ್ತು. ಆನ್ಸರ್, ವಿಸಿಟ್, ಆರ್ಡರ್, ಆಫರ್, ಮಾರ್ಕೆಟ್, ಹಾರ್ವೆಸ್ಟ್, ಪ್ರಾಮಿಸ್ – ಇವಕ್ಕೆ ಯಾವಾಗಲೂ ಮೊದಲನೆಯದರ ಮೇಲೆ.

ಊರಿನ ಮಾತುಕತೆಯಲ್ಲಿ ಒತ್ತು ತಪ್ಪಿದರೂ ಸಂದರ್ಭದಿಂದ ಅರ್ಥವಾಗುತ್ತದೆ. ಸಂದರ್ಶನದಲ್ಲಿ, ಹೊರದೇಶದ ಅತಿಥಿಗಳ ಫೋನಿನಲ್ಲಿ ಆ ಅನುಕೂಲ ಇಲ್ಲ. ಬರವಣಿಗೆಯಲ್ಲೂ ಒತ್ತಿಗೆ ನೇರ ಕೆಲಸವಿದೆ, ಇದನ್ನು ಯಾಕೋ ತರಗತಿಗಳಲ್ಲಿ ಜೋಡಿಸಿ ಹೇಳುವುದೇ ಇಲ್ಲ. ಇಡಿ, ಐಎನ್‌ಜಿ ಸೇರಿಸುವಾಗ ಕೊನೆಯ ಅಕ್ಷರ ಎರಡು ಸಲ ಬರಬೇಕೋ ಬೇಡವೋ ಎಂಬುದನ್ನು ಒತ್ತು ಹೇಳುತ್ತದೆ. ಕೊನೆಯಲ್ಲಿ ಒಂದು ಸ್ವರ, ಒಂದು ವ್ಯಂಜನ ಇದ್ದು, ಒತ್ತು ಕೊನೆಯ ತುಂಡಿನ ಮೇಲಿದ್ದರೆ ಅಕ್ಷರ ಇಮ್ಮಡಿ: ಪರ್ಮಿಟೆಡ್‌ಗೆ ಎರಡು ಟಿ, ಟ್ರಾನ್ಸ್‌ಫರ್ಡ್‌ಗೆ ಎರಡು ಆರ್. ಒತ್ತು ಮೊದಲಲ್ಲಿದ್ದರೆ ಒಂದೇ: ವಿಸಿಟೆಡ್, ಮಾರ್ಕೆಟೆಡ್, ಆರ್ಡರ್ಡ್, ಆಫರ್ಡ್. ಒಂದೇ ತುಂಡಿನ ಪ್ಲಾನ್, ಸ್ಟಾಪ್, ಶಿಪ್ ಇವಕ್ಕೂ ಇಮ್ಮಡಿ. ಎಲ್ ಅಕ್ಷರದಲ್ಲಿ ಮುಗಿಯುವ ಟ್ರಾವೆಲ್, ಕ್ಯಾನ್ಸಲ್, ಲೇಬಲ್ ಮಾತ್ರ ನಾವು ಅನುಸರಿಸುವ ಬ್ರಿಟಿಷ್ ಕಾಗುಣಿತದಲ್ಲಿ ಒತ್ತನ್ನು ಕೇಳದೆ ಎರಡು ಎಲ್ ತೆಗೆದುಕೊಳ್ಳುತ್ತವೆ.

## ಹಂತ 7: ಕೊನೆಯ ಸದ್ದು, ಕೊನೆಯ ಅಕ್ಷರ

ಯೂಸ್ ಎಂಬುದು ನಾಮಪದವಾದಾಗ ಕೊನೆಯಲ್ಲಿ ಸ್ ಸದ್ದು, ಕ್ರಿಯಾಪದವಾದಾಗ ಜ್ ಹತ್ತಿರದ ಸದ್ದು. ಗಂಟಲ ಮೇಲೆ ಬೆರಳಿಟ್ಟು ನೋಡಿ: ಸ್ ಹೇಳುವಾಗ ಗಂಟಲು ಸುಮ್ಮನಿರುತ್ತದೆ, ಕ್ರಿಯಾಪದದ ಸದ್ದಿಗೆ ಗುಂಯ್‌ಗುಡುತ್ತದೆ. ಹೌಸ್, ಎಕ್ಸ್‌ಕ್ಯೂಸ್, ಅಬ್ಯೂಸ್ ಹೀಗೆಯೇ. ಬರೆಯುವಾಗ ಏನೂ ಬದಲಾಗದು. ಒಂದು ಅಪವಾದ: "ಐ ಯೂಸ್ಡ್ ಟು ವರ್ಕ್ ಇನ್ ಬೇಲೂರು" ಎಂದು ಹಳೆಯ ರೂಢಿ ಹೇಳುವಾಗ ಅದು ಕ್ರಿಯಾಪದವಾದರೂ "ಯೂಸ್ಟ್" ಎಂದೇ ಉಚ್ಚಾರ.

ಅಡ್ವೈಸ್‌ನಲ್ಲಿ ಅಕ್ಷರವೂ ಬದಲು: ನಾಮಪದಕ್ಕೆ ಸಿ, ಕ್ರಿಯಾಪದಕ್ಕೆ ಎಸ್. ಪ್ರಾಕ್ಟಿಸ್, ಲೈಸೆನ್ಸ್ ಕೂಡ ಬ್ರಿಟಿಷ್ ಕಾಗುಣಿತದಲ್ಲಿ ಹಾಗೆಯೇ, ಆದರೆ ಇವೆರಡರ ಉಚ್ಚಾರ ಬದಲಾಗದು. ನೆನಪಿಗೆ: ಐಸ್ ಎಂಬುದು ಕೈಯಲ್ಲಿ ಹಿಡಿಯುವ ವಸ್ತು, ಅದರಲ್ಲಿ ಸಿ ಇದೆ, ವಸ್ತುವಿಗೆ ಸಿ. ಅಮೆರಿಕದವರು ಪ್ರಾಕ್ಟಿಸ್‌ಗೆ ಎರಡೂ ಕಡೆ ಸಿ, ಲೈಸೆನ್ಸ್‌ಗೆ ಎರಡೂ ಕಡೆ ಎಸ್ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ನೀವು ಸರಿಯಾಗಿ ಬರೆದರೂ ಕೆಂಪು ಗೆರೆ ಬಂದರೆ, ಭಾಷೆ ಅಮೆರಿಕನ್ ಇಂಗ್ಲಿಷ್‌ಗೆ ಇದೆಯೇ ನೋಡಿ, ಇಂಡಿಯಾ ಅಥವಾ ಯುಕೆ ಮಾಡಿಕೊಳ್ಳಿ. ಅಡ್ವೈಸ್ ನಾಮಪದಕ್ಕೆ ಬಹುವಚನವಿಲ್ಲ ಎಂಬುದನ್ನೂ ಇಲ್ಲೇ ಬರೆದುಕೊಳ್ಳಿ: "ಮೆನಿ ಅಡ್ವೈಸಸ್" ತಪ್ಪು.

ಬ್ರೆತ್–ಬ್ರೀದ್, ಬಾತ್–ಬೇದ್, ಕ್ಲಾತ್–ಕ್ಲೋದ್: ಕ್ರಿಯಾಪದಕ್ಕೆ ಕೊನೆಯಲ್ಲಿ ಒಂದು ಇ ಹೆಚ್ಚು.

## ಹಂತ 8: ಎರಡು ಕೆಲಸ ಮಾಡದ ಪದಗಳನ್ನು ಬೇರೆ ಇಡಿ

ಎಲ್ಲಾ ಪದವೂ ಎರಡು ಕಡೆ ದುಡಿಯುವುದಿಲ್ಲ. ಸೆಲ್ ಮಾರು, ಸೇಲ್ ಮಾರಾಟ. ಬೋರ್ಡಿಗೆ ಬೇಕಾದದ್ದು "ಫಾರ್ ಸೇಲ್". ವೇ ತೂಗು, ವೆಯ್ಟ್ ತೂಕ. ಕಂಪ್ಲೇನ್ ದೂರು ಕೊಡು, ಕಂಪ್ಲೇಂಟ್ ದೂರು. ಚೂಸ್–ಚಾಯ್ಸ್, ಲೂಸ್–ಲಾಸ್.

ಕಚೇರಿಗಳಲ್ಲಿ "ಪುಟ್ ಯುವರ್ ಸೈನ್" ಎನ್ನುತ್ತಾರೆ. ಸೈನ್ ಕ್ರಿಯಾಪದವಾದರೆ ಸಹಿ ಹಾಕು. ನಾಮಪದವಾದರೆ ಗುರುತು, ಫಲಕ. ಸಹಿ ಎಂಬ ನಾಮಪದ ಸಿಗ್ನೇಚರ್. "ಪ್ಲೀಸ್ ಸೈನ್ ಹಿಯರ್" ಎಂದರೆ ಸಾಕು. ಕುಕ್ ಎರಡೂ ಆಗುತ್ತದೆ: ಅಡುಗೆ ಮಾಡು, ಅಡುಗೆಯವರು. ಟೀಚರ್, ಡ್ರೈವರ್ ನೋಡಿಕೊಂಡು ಅಡುಗೆಯವರನ್ನು "ಕುಕ್ಕರ್" ಎಂದರೆ ಒಲೆಯ ಮೇಲಿನ ಪಾತ್ರೆಯಾಗುತ್ತಾರೆ. ಹೋಂಸ್ಟೇ ವಿವರಣೆಯಲ್ಲಿ ಈ ತಪ್ಪು ಇದ್ದರೆ ಇವತ್ತೇ ತಿದ್ದಿ.

## ಹಂತ 9: ಒಂದು ನೋಟಿಸಿನ ಮೇಲೆ ಪರೀಕ್ಷೆ

ತೋಟದ ಈ ನೋಟಿಸನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಿ:

"ವಾಟರ್ ದ ನರ್ಸರಿ ಬಿಫೋರ್ ಯು ಸ್ಟಾರ್ಟ್ ವರ್ಕ್. ದ ಫಸ್ಟ್ ಪಿಕ್ ಎಂಡ್ಸ್ ಆನ್ ಸ್ಯಾಟರ್ಡೇ, ಸೋ ಪಿಕ್ ಓನ್ಲಿ ರೈಪ್ ಫ್ರೂಟ್. ವೇ ಎವ್ರಿ ಬ್ಯಾಗ್ ಅಂಡ್ ರಿಕಾರ್ಡ್ ದ ವೆಯ್ಟ್ ಇನ್ ದ ರೆಕಾರ್ಡ್ ಬುಕ್. ಡು ನಾಟ್ ಪಲ್ಪ್ ಎನಿ ಫ್ರೂಟ್ ಆಫ್ಟರ್ ಡಾರ್ಕ್. ರಿಪೋರ್ಟ್ ಎನಿ ಡ್ಯಾಮೇಜ್ ಟು ದ ಫೆನ್ಸ್."

ವಾಟರ್ ಮೊದಲಲ್ಲೇ ಇದೆ, ಮುಂದೆ "ದ ನರ್ಸರಿ": ಅ‌ಪ್ಪಣೆ, ಕೆಂಪು. ಸ್ಟಾರ್ಟ್ ಹಿಂದೆ ಯು: ಕೆಂಪು. ವರ್ಕ್ ಅದರ ವಸ್ತು: ನೀಲಿ. ಮೊದಲ ಪಿಕ್‌ನ ಹಿಂದೆ "ದ ಫಸ್ಟ್": ನೀಲಿ. ಎಂಡ್ಸ್‌ನ ಎಸ್ ಬಹುವಚನದ್ದಲ್ಲ, ಮುಗಿಯುವುದು ಪಿಕ್ ಎಂಬ ಏಕವಚನ: ಕೆಂಪು. ಎರಡನೇ ಪಿಕ್ ಅಪ್ಪಣೆ. ಬ್ಯಾಗ್ ಹಿಂದೆ ಎವ್ರಿ: ನೀಲಿ. ರಿಕಾರ್ಡ್ ಎರಡನೇ ತುಂಡಿಗೆ ಒತ್ತು ಕೊಟ್ಟು ಓದಬೇಕಾದ ಕ್ರಿಯಾಪದ. "ದ ರೆಕಾರ್ಡ್ ಬುಕ್" ಜೋಡಿಯಲ್ಲಿ ಎರಡೂ ನೀಲಿ. ಪಲ್ಪ್ ಹಿಂದೆ "ಡು ನಾಟ್": ಕೆಂಪು. ಈ ಡು ಹಂತ 3ರಲ್ಲಿ ಕಳಚಿದ ಡು ಅಲ್ಲ, ಬೇಡ ಎನ್ನಲು ಬಂದದ್ದು, ಇದು ಇರಲೇಬೇಕು. ರಿಪೋರ್ಟ್ ಅಪ್ಪಣೆ. ಡ್ಯಾಮೇಜ್ ಹಿಂದೆ ಎನಿ, ಆದ್ದರಿಂದ ನೀಲಿ. ನಾಮಪದವಾದ್ದರಿಂದಲೇ ಫೆನ್ಸ್ ಹಿಡಿಯಲು ನಡುವೆ ಟು ಬಂದಿದೆ. ಅದೇ "ಎಲಿಫೆಂಟ್ಸ್ ಡ್ಯಾಮೇಜ್ಡ್ ದ ಫೆನ್ಸ್" ಎಂದು ಬರೆದರೆ ಟು ಜಾಗದಲ್ಲಿ ಸೊನ್ನೆ.

ಬಣ್ಣ ಹಚ್ಚಿದ ಮೇಲೆ ತಾಳೆ ನೋಡಲು ಇಡೀ ನೋಟಿಸನ್ನು ನಿನ್ನೆ ನಡೆದ ಕೆಲಸದ ವರದಿಯಾಗಿ, "ವಿ" ಎಂದು ಶುರು ಮಾಡಿ ತಿರುಗಿಸಿ ಬರೆಯಿರಿ. ಕೆಂಪು ಪದಗಳೆಲ್ಲ ಭೂತಕಾಲಕ್ಕೆ ತಿರುಗಬೇಕು: ವಾಟರ್ಡ್, ಸ್ಟಾರ್ಟೆಡ್, ಎಂಡೆಡ್, ಪಿಕ್ಡ್, ವೇಡ್, ರಿಕಾರ್ಡೆಡ್, ರಿಪೋರ್ಟೆಡ್. ನೀಲಿ ಪದ ಯಾವುದೂ ಅಲುಗಬಾರದು. ನೀಲಿಗೆ ಇಡಿ ಅಂಟಿದ್ದರೆ ಹಂತ 2ಕ್ಕೆ ಹಿಂತಿರುಗಿ. ಪಲ್ಪ್ ಒಂದು ಮಾತ್ರ ಕೆಂಪಾಗಿದ್ದರೂ ಇಡಿ ತೆಗೆದುಕೊಳ್ಳದು: ಅಲ್ಲಿ ಡು ಹೋಗಿ ಡಿಡ್ ಆಗುತ್ತದೆ, ಭೂತಕಾಲವನ್ನು ಅದೇ ಹೊರುತ್ತದೆ. "ವಿ ಡಿಡ್ ನಾಟ್ ಪಲ್ಪ್ಡ್" ಎಂದು ಬರೆದಿದ್ದರೆ ಕೊನೆಯ ಇಡಿ ಹೊಡೆದುಹಾಕಿ.